ಬ್ರೌಸರ್ ದಾರಿ ತಪ್ಪಿದಾಗ

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯಹೋದರೆ ಇನ್ನಾವುದೋ ಜಾಹೀರಾತಿನ ಪುಟ ತೆರೆದುಕೊಂಡಾಗ, ಹಲವರು ವೈರಸ್ ಎಂದು ಗಾಬರಿಯಾಗಿ ಇಡೀ ವಿಂಡೋಸನ್ನೇ ಹೊಸದಾಗಿ ಹಾಕಿಸುತ್ತಾರೆ. ಬಹಳಷ್ಟು ಸಲ ಇದಕ್ಕೆ ಕಾರಣ, ಉಚಿತ ತಂತ್ರಾಂಶದ ಜೊತೆ, ಅದನ್ನು ಹಾಕಿಕೊಳ್ಳುವ ಪರದೆಯಲ್ಲಿ ಮೊದಲೇ ಟಿಕ್ ಮಾಡಿಟ್ಟ ಚೌಕವೊಂದರ ಮೂಲಕ, ನಮಗರಿವಿಲ್ಲದೆ ಬಂದು ಕೂತ, ಬ್ರೌಸರಿಗೆ ಸೇರುವ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಷನ್. (ಇಂಥ ಚೌಕಗಳನ್ನು ಮೋಸವೆಂದೇ ಕರೆಯಬೇಕು.) ಆ ಎಕ್ಸ್‌ಟೆನ್ಷನ್ ತೆಗೆದು, ಸರ್ಚ್ ಎಂಜಿನ್ ಬದಲಾಗಿದೆಯೇ ಎಂದು ನೋಡಿ, ಬ್ರೌಸರ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಸಾಕು. ನನಗೆ ಅಷ್ಟು ಮಾಡಿದರೂ ಕಾಟ ತಪ್ಪಲಿಲ್ಲ; ಡೆಸ್ಕ್‌ಟಾಪಿನಲ್ಲಿದ್ದ ಬ್ರೌಸರಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಸಾಲನ್ನು ಕೊನೆಯವರೆಗೆ ಓದಿದಾಗ, ಬ್ರೌಸರ್ ಹೆಸರಿನ ಬಾಲಕ್ಕೆ ಅಪರಿಚಿತ ಜಾಲವಿಳಾಸವೊಂದು ಅಂಟಿಕೊಂಡಿರುವುದು ಕಂಡಿತು. ಅದನ್ನು ಅಳಿಸಿದೆ. ಮನೆಯ ಫೋನುಗಳಲ್ಲೂ ಇದೇ ತೊಂದರೆಯಿದ್ದರೆ ರೂಟರಿನ (ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆಯ) ಡಿಎನ್‌ಎಸ್ ವಿಳಾಸವನ್ನು, ಅಂದರೆ ಜಾಲತಾಣದ ಹೆಸರಿಗೆ ತಕ್ಕ ಸಂಖ್ಯಾವಿಳಾಸ ಹುಡುಕಿಕೊಡುವ ಸರ್ವರಿನ ವಿಳಾಸವನ್ನು, ಪರಿಶೀಲಿಸಿ, ರೂಟರಿನ ಪಾಸ್‌ವರ್ಡ್ ಬದಲಾಯಿಸಬೇಕು.

– ಓದುಗ