ಸಲಿಕೆ ಮೇಲಿರಲಿ

ಲೋ ಗೆಳೆಯಾ,

ನಾಡಿದ್ದು ಬೆಳಿಗ್ಗೆ ಹೊರಡುತ್ತಿದ್ದೇವೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಹತ್ತಿರದ ಸ್ಟುಬಾಯ್ ಕಣಿವೆಗೆ. ಅಲ್ಲಿ 2147 ಮೀಟರ್ ಎತ್ತರದಲ್ಲಿ ಫ್ರಾನ್ಜ್ ಸೆನ್ ಹಟ್ ಅಂತ ಚಾರಣಿಗರ ತಂಗುಮನೆ ಇದೆ. ಮೂರು ರಾತ್ರಿ ಅಲ್ಲೇ. ಜನ ಹೋಗುವ ಲಿಫ್ಟ್ ಇಲ್ಲ. ಸ್ಕೀ ಹಾಕಿಕೊಂಡೇ ಹತ್ತಬೇಕು.

ಹಾಲ್ ತುಂಬಾ ಸಾಮಾನು ಹರಡಿದೆ. ಸ್ಕೀ ಅಡಿಗೆ ಅಂಟಿಸುವ ಸ್ಕಿನ್ ಪಟ್ಟಿಗಳನ್ನು ನೀನೊಮ್ಮೆ ಮುಟ್ಟಿ ನೋಡಬೇಕಿತ್ತು. ಥೇಟ್ ಹಸುವಿನ ಮೈ ಸವರಿದ ಹಾಗೆ. ಒಂದು ಕಡೆಗೆ ನುಣುಪು, ಎದುರು ಸವರಿದರೆ ಕೈ ತಡೆಯುತ್ತದೆ. ಅದಕ್ಕೇ ಸ್ಕೀ ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ಇನ್ನೊಂದು ಬದಿಯ ಗೋಂದಿಗೆ ಅಮ್ಮ ಹೆಣೆದ ಸ್ವೆಟರಿನ ಎಳೆಗಳು ಅಂಟಿದ್ದವು. ಅರ್ಧ ಗಂಟೆ ಕೂತು ಒಂದೊಂದಾಗಿ ಕಿತ್ತೆ.

ಹಿಮಕುಸಿತಕ್ಕೆ ಅಂತ ಮೂರು ಸಾಮಾನು ಎಲ್ಲರ ಹತ್ತಿರವೂ ಇರಲೇಬೇಕು. ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ, ಎದೆಗೆ ಕಟ್ಟುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಮಡಚು ಕೋಲು, ಸಲಿಕೆ. ಸಲಿಕೆ ಒಳಗಿಡುವಾಗ ಹೊಳೆಯಿತು. ಇದು ನನಗಲ್ಲ ಕಣೋ. ನಾನು ಹೂತುಹೋದರೆ ನನ್ನ ಸಲಿಕೆಯೂ ನನ್ನ ಜೊತೆಗೇ ಹೂತಿರುತ್ತದೆ. ಅಜ್ಜಿ ಕಥೆಯಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿ ಇರುತ್ತಿತ್ತಲ್ಲ, ಹಾಗೆ ನನ್ನ ಜೀವ ಪಕ್ಕದವನ ಚೀಲದಲ್ಲಿದೆ. ಅವನದು ನನ್ನ ಚೀಲದಲ್ಲಿ.

ಭಾನುವಾರ ಅಭ್ಯಾಸ ಮಾಡಿದೆವು. ಟ್ರಾನ್ಸೀವರ್ ಇದ್ದ ಹಳೇ ಚೀಲವೊಂದನ್ನು ಹೂತಿಟ್ಟಿದ್ದರು. ಪರದೆಯಲ್ಲಿ 28, 14, 3 ಅಂತ ಮೀಟರ್ ಇಳಿಯುತ್ತಾ ಬಂತು. ಮೊಣಕಾಲೂರಿ ಚುಚ್ಚಿದೆ. ಏನೂ ಇಲ್ಲ. ಮತ್ತೆ ಚುಚ್ಚಿದೆ. ಕೊನೆಗೆ ಕೋಲಿನ ತುದಿಗೆ ಮೆತ್ತಗೆ ಏನೋ ತಡೆಯಿತು. ಅಗೆದು ತೆಗೆಯುವಷ್ಟರಲ್ಲಿ 13 ನಿಮಿಷ ಆಗಿತ್ತು. ಹೂತುಹೋದವರಿಗೆ ಮೊದಲ 10 ನಿಮಿಷವೇ ತುಂಬಾ ಮುಖ್ಯ. ಆಮೇಲೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಆ ಚೀಲ ಹಿಡಿದು ಸುಮ್ನೆ ಕೂತುಬಿಟ್ಟೆ.

ಆಗ ಗಿರಿಗದ್ದೆ ನೆನಪಾಯಿತು. ಕುಮಾರಪರ್ವತದ ಮಂಜಿನಲ್ಲಿ ನಿನ್ನನ್ನು ಬಿಟ್ಟು ಮುಂದೆ ಹೋಗಿದ್ದೆ. ನೀನೇ ನಿಧಾನ ಅಂತ ಇಷ್ಟು ವರ್ಷ ಎಲ್ಲರೆದುರೂ ಹೇಳಿ ನಗಿಸಿದ್ದೇನೆ. ನೀನು ಕೂಗಿದ್ದು ನನಗೆ ಕೇಳಿಸಿತ್ತು. ಎರಡು ಸಲ. ನಿಲ್ಲಲಿಲ್ಲ. ಇದನ್ನು ನಿನಗೆ ಒಬ್ಬನಿಗೇ ಹೇಳಬೇಕಿತ್ತು, ಇಷ್ಟು ಜನ ಓದುವ ಕಡೆ ಬರೆದುಬಿಟ್ಟೆ. ಅಳಿಸುವುದಿಲ್ಲ.

ಇರಲಿ. ಚೀಲದಲ್ಲಿ ಒಂದು ಹಿಡಿ ಜಾಗ ಉಳಿದಿತ್ತು, ಕೊಬ್ಬರಿ ಮಿಠಾಯಿ ಇಟ್ಟೆ. ಹೌದು, ಅದೇ ನೀಲಿ ಡಬ್ಬಿಯಲ್ಲಿ! ಈ ಸಲ ಪಾಲು ಸಮ. ಸಲಿಕೆ ಮಾತ್ರ ತಕ್ಷಣ ಕೈಗೆ ಸಿಗುವ ಹಾಗೆ ಮೇಲಿದೆ.

ಬಂದ ಮೇಲೆ ಫೋನ್ ಮಾಡುತ್ತೇನೆ. ಎತ್ತು ಕಣೋ.