ಚರಂಡಿ ನೀರು ಕುಡಿದರೆ ಇಮ್ಯುನಿಟಿ ಬರುತ್ತದೆಯೇ, ಸಾಹೇಬರೇ?

ಮಾನ್ಯರೇ,

ನಮ್ಮ ಬೀದಿಯ ನಲ್ಲಿಯಲ್ಲಿ ಚರಂಡಿ ನೀರು ಬಂದ ಸುದ್ದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಸುದ್ದಿಯ ಕೊನೆಯಲ್ಲಿ ಅಧಿಕಾರಿಯೊಬ್ಬರು, ಹೊಟ್ಟೆಗೆ ಒಂದಿಷ್ಟು ಬ್ಯಾಕ್ಟೀರಿಯಾ ಹೋದರೆ ಇಮ್ಯುನಿಟಿ ಜಾಸ್ತಿಯಾಗುತ್ತದೆ, ಗಾಬರಿ ಬೇಡ ಎಂದಿದ್ದಾರಲ್ಲ, ಅದನ್ನು ಓದುವ ಹೊತ್ತಿಗೆ ನಾನು ಬೆಳಿಗ್ಗೆಯಿಂದ ಏಳನೇ ಸಲ ಕಕ್ಕಸಿಗೆ ಹೋಗಿ ಬಂದಿದ್ದೆ.

ಮನೆಯಲ್ಲಿ ಐದು ಜನ, ಕಕ್ಕಸು ಒಂದೇ. 84 ವರ್ಷದ ಅಮ್ಮನಿಗೆ ರಾತ್ರಿಯೆಲ್ಲ ಡ್ರಿಪ್ ಹಾಕಿಸಿದೆವು. ಮೊಮ್ಮಗಳು ನಾಲ್ಕು ದಿನ ಸ್ಕೂಲಿಗೆ ಹೋಗಲಿಲ್ಲ. ಸಂಪ್ ಖಾಲಿ ಮಾಡಿಸಿ ತೊಳೆಸಿದೆವು. ಈಗ ಕುಡಿಯಲು ಕ್ಯಾನ್ ನೀರು, ಅದಕ್ಕೂ ದುಡ್ಡು. ಔಷಧಿ ಅಂಗಡಿಯವನು ಡಾಕ್ಟರ್ ಚೀಟಿ ಕೇಳದೆ ಆಂಟಿಬಯಾಟಿಕ್ ಕೊಟ್ಟ. ನಾವೂ ನುಂಗಿದೆವು. ಅದು ನಮ್ಮದೇ ತಪ್ಪು, ಒಪ್ಪುತ್ತೇನೆ.

ಬ್ಯಾಕ್ಟೀರಿಯಾಕ್ಕೂ ಇಮ್ಯುನಿಟಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 30 ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಕರುಳಿನಲ್ಲಿ ಮೊದಲಿಂದ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರುಗಳು ರಕ್ತದ ಜೊತೆ ಮೂಳೆ ಮಜ್ಜೆವರೆಗೂ ಹೋಗುತ್ತವೆ. ಅದರಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಚುರುಕಾಗುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಆಂಟಿಬಯಾಟಿಕ್ ತಿಂದ ಇಲಿಗಳಲ್ಲಿ ಅದೇ ಕಣಗಳು ನ್ಯುಮೋನಿಯಾದ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಲ್ಲಿ ಮಂಕಾದವು. ಈಗ ನಮ್ಮ ಮನೆ ಲೆಕ್ಕ ನೋಡಿ. ನೀರು ಭೇದಿ ತಂದಿತು, ಭೇದಿ ಮಾತ್ರೆ ತಂದಿತು, ಮಾತ್ರೆ ಒಳಗಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಗುಡಿಸಿತು. ಜಾಸ್ತಿಯಾದ ಇಮ್ಯುನಿಟಿ ಯಾರ ಮನೆಗೆ ಹೋಯಿತೋ!

ಬಿಳಿ ಕಣಗಳು ಕ್ರಿಮಿಗಳನ್ನು ನುಂಗುತ್ತವೆ ಎಂದು ತೋರಿಸಿ 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಕೂಡ ಜನರಿಗೆ ಹೇಳಿದ್ದು ಹುಳಿ ಬಂದ ಹಾಲು ಕುಡಿಯಿರಿ ಅಂತ. ಮೊಸರಿನಲ್ಲೂ ಬ್ಯಾಕ್ಟೀರಿಯಾ, ಚರಂಡಿಯಲ್ಲೂ ಬ್ಯಾಕ್ಟೀರಿಯಾ. ಈ ವ್ಯತ್ಯಾಸ ತಿಳಿಯದವರ ಕೈಲಿ ಊರಿನ ವಾಲ್ವ್ ಇದೆ.

ಪೈಪ್ ಚರಂಡಿಯೊಳಗೇ ಹಾದುಹೋಗಿದೆ ಎಂದು ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ಹೋದಾಗಲೆಲ್ಲ ಸಾಹೇಬರು ಮೀಟಿಂಗ್‌ನಲ್ಲಿ. ಯುಜಿಡಿಗೆ, ಅಂದರೆ ಒಳಚರಂಡಿಗೆ, ಅಗೆದ ಗುಂಡಿಯಲ್ಲಿ ನನ್ನ ಸ್ಕೂಟರ್ ಬಿದ್ದದ್ದು, ಬೀದಿ ದೀಪ ಆರು ತಿಂಗಳಿಂದ ಕಣ್ಣು ಬಿಡದೆ ಇರುವುದು ಬೇರೆಯೇ ಕಥೆ. ಹಾಸನಾಂಬೆ ಬಾಗಿಲು ತೆಗೆಯುವ ದಿನ ಹತ್ತಿರ ಬಂದರೆ ಮಾತ್ರ ಇವರಿಗೆ ಸುಣ್ಣ, ಬಣ್ಣ, ಡಾಂಬರು ಎಲ್ಲ ನೆನಪಾಗುತ್ತದೆ, ಅದೂ ಮಂತ್ರಿಗಳು ಓಡಾಡುವ ರಸ್ತೆಗೆ. ತಾಯಿ ನಮ್ಮ ಬೀದಿಯಲ್ಲಿ ನೆಲೆಸಬಾರದಿತ್ತೇ?

ಮೊದಲು ಆ ಪೈಪ್ ಬದಲಿಸಲಿ. ದೀಪವನ್ನೂ ಹಾಕಲಿ. ಗುಂಡಿಯನ್ನೂ ಮುಚ್ಚಲಿ. ಯಾವುದೂ ಆಗದಿದ್ದರೆ ಪೇಪರಿನವರ ಮುಂದೆ ವಿಜ್ಞಾನ ಹೇಳುವುದನ್ನಾದರೂ ಬಿಡಲಿ. ಸಂಬಳ ತಗೊಳ್ಳೋಕೆ ನಾಚಿಕೆ ಆಗಲ್ವಾ ಇವರಿಗೆ?

– ನಿವೃತ್ತ ಶಿಕ್ಷಕ, ಹಾಸನ