1.6 ಮತ್ತು 62: ಲೀಡ್ಸ್‌ನಿಂದ ಶಿರಸಿಗೆ

ಲೀಡ್ಸ್, ಇಂಗ್ಲೆಂಡ್
9 ನವೆಂಬರ್ 2025

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಕಳೆದ ಭಾನುವಾರ ಅಡಿಕೆ ಕೊಯ್ಲಿನ ಮಾತಿನ ನಡುವೆ ನೀನು ಹಗುರವಾಗಿ ಹೇಳಿ ಮುಗಿಸಿದ ಒಂದು ಸಂಗತಿ ಅಂದಿನಿಂದ ನನ್ನನ್ನು ಕೊರೆಯುತ್ತಿದೆ. ನಿನಗೆ ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷ ತುಂಬಿಲ್ಲ. ರಿಪೋರ್ಟು ನಾರ್ಮಲ್ ಬಂತೆಂದು ಕೊಲೆಸ್ಟರಾಲ್ ಮಾತ್ರೆಯನ್ನು ದೀಪಾವಳಿಯಿಂದ ನಿಲ್ಲಿಸಿದ್ದೀಯಂತೆ. ವಿಡಿಯೋದಲ್ಲಿ ನಿನ್ನ ಹಿಂದಿನ ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ನಾನೂ ನೋಡಿದೆ, ಅದರಲ್ಲಿ ಆರು ಗುಳಿಗಳು ಮಾತ್ರ ಒಡೆದಿದ್ದವು. ಫೋನಿನಲ್ಲಿ ನಿನ್ನೊಡನೆ ವಾದಿಸಿ ಗೆದ್ದವರಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

"ನಿನ್ನ ಎಲ್‌ಡಿಎಲ್, ಆ ಕೆಟ್ಟ ಕೊಲೆಸ್ಟರಾಲ್, ಬರೀ 1.6, ಆದರೂ ನುಂಗುತ್ತೀಯ; ನನ್ನದು 62, ಅದನ್ನೇ ನಾರ್ಮಲ್ ಅನ್ನುತ್ತಾರೆ, ಇದೆಂಥ ಲೆಕ್ಕ?" ಎಂದು ನಕ್ಕೆಯಲ್ಲ, ಆ ಲೆಕ್ಕವನ್ನು ಒಂದು ಚೀಟಿಯ ಮೇಲೆ ನೀನೇ ಮಾಡಿ ನೋಡು. ಇಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ, ಅಲ್ಲಿ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು. ನನ್ನ 1.6 ಅನ್ನು 38.67ರಿಂದ ಗುಣಿಸಿದರೆ ಸುಮಾರು 62 ಬರುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರ ರಕ್ತದಲ್ಲಿ ಅಂಕಿಯೂ ಒಂದೇ ಬಂದಿದೆ!

ಇನ್ನು ನಾರ್ಮಲ್ ಎಂಬ ಮಾತು. ಲ್ಯಾಬಿನವರು ಅಂಕಿಯ ಪಕ್ಕದಲ್ಲಿ ಅಚ್ಚು ಹಾಕುವ "100ರ ಒಳಗೆ" ಎಂಬುದು ಊರಿಗೆಲ್ಲ ಇಟ್ಟ ಅಳತೆಯೇ ಹೊರತು ಒಮ್ಮೆ ಹೃದಯಾಘಾತವಾದವರಿಗೆ ಇಟ್ಟದ್ದಲ್ಲ. ಅಂಥವರಿಗೆ ಯುರೋಪಿನ ಹೃದ್ರೋಗ ತಜ್ಞರ ಸಂಘ 55ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ, ಭಾರತದ ಲಿಪಿಡ್ ತಜ್ಞರ ಸಂಘ 50ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ. ಇಂಗ್ಲೆಂಡಿನ ಮಿತಿ ತುಸು ಸಡಿಲ, ನಿನ್ನ ಲೆಕ್ಕದಲ್ಲಿ ಸುಮಾರು 77. ಅದರೊಳಗೇ ಇದ್ದರೂ ನನ್ನ ವೈದ್ಯರು 62ಕ್ಕೆ ಸಮಾಧಾನಪಡದೆ ಎಜೆಟಿಮೈಬ್ ಎಂಬ ಇನ್ನೊಂದು ಸಣ್ಣ ಮಾತ್ರೆಯನ್ನು ಸೇರಿಸಿದರು. ನಮ್ಮಿಬ್ಬರ ಕೊಲೆಸ್ಟರಾಲ್ ಮಾತ್ರೆಯಾದ ಸ್ಟಾಟಿನ್ ಪ್ರಮಾಣವನ್ನು ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಇಳಿಯುವುದು ಇನ್ನು ಸುಮಾರು ಶೇ. 6ರಷ್ಟು, ಎಜೆಟಿಮೈಬ್ ಬೇರೆ ದಾರಿ ಹಿಡಿದು, ಕರುಳಿನಲ್ಲೇ ಕೊಲೆಸ್ಟರಾಲ್ ಹೀರಿಕೆಯನ್ನು ತಡೆಯುತ್ತದೆ. ಅಂದಮೇಲೆ ನಿನ್ನ 62ಕ್ಕೆ ಇನ್ನೊಂದು ಮಾತ್ರೆ ಬೇಕೋ ಎಂದು ಕೇಳಬೇಕಾದ ಹೊತ್ತಿನಲ್ಲಿ ನೀನು ಇದ್ದದ್ದನ್ನೂ ಬಿಟ್ಟಿದ್ದೀಯ.

ಆ 62 ಮಾತ್ರೆಯದೇ ಕೆಲಸ. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಯನ್ನು ತಗ್ಗಿಸುತ್ತದೆ, ಆ ಕೊರತೆಯನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಮಟ್ಟಕ್ಕೆ ಏರುತ್ತದೆ. ಬಸಿಗಾಲುವೆಯ ಹೂಳೆತ್ತಿಸಿದ ವರ್ಷ ಅಡಿಕೆಯ ಬುಡದಲ್ಲಿ ನೀರು ನಿಲ್ಲಲಿಲ್ಲವೆಂದು ಮರುವರ್ಷ ಹೂಳೆತ್ತಿಸುವುದನ್ನು ಬಿಡುವವನಲ್ಲ ನೀನು. ಸ್ಟೆಂಟ್ ಕೂಡ ಒಂದು ಜಾಗವನ್ನಷ್ಟೇ ತೆರೆದಿದೆ, ಉಳಿದ ರಕ್ತನಾಳಗಳ ಗೋಡೆಯಲ್ಲಿ ಕೂತ ಕೊಬ್ಬು ಅಲ್ಲೇ ಇದೆ.

ಮೀನಖಂಡದ ನೋವು ಮಾತ್ರೆಯಿಂದಲೇ ಎಂದೆ. ಇರಬಹುದು, ಸುಳ್ಳೆನ್ನುವುದಿಲ್ಲ. ಆದರೆ ಲಂಡನ್ನಿನಲ್ಲಿ, ಇಂಥ ತೊಂದರೆಯಿಂದಲೇ ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದಲ್ಲಿ ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಔಷಧವಿಲ್ಲದ ಪೊಳ್ಳು ಮಾತ್ರೆ ಕೊಟ್ಟು, ಉಳಿದ ನಾಲ್ಕು ತಿಂಗಳು ಏನನ್ನೂ ಕೊಡದೆ ನೋಡಿದರು. ನಿಜವಾದ ಮಾತ್ರೆಯಲ್ಲಿ ಹೇಳಿಕೊಂಡ ತೊಂದರೆಯ ಶೇ. 90ರಷ್ಟು ಪೊಳ್ಳು ಮಾತ್ರೆಯಲ್ಲೂ ಕಂಡಿತು. ನಿನ್ನದು ಉಳಿದ ಹತ್ತರ ಪಾಲಿನದೇ ಆಗಿದ್ದರೂ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ರಕ್ತದ ಸಿಕೆ ಪರೀಕ್ಷೆಯಿದೆ, ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟಾಟಿನ್‌ಗೆ ಬದಲಿಸಬಹುದು. ಅದನ್ನೆಲ್ಲ ವೈದ್ಯರು ತೀರ್ಮಾನಿಸಲಿ.

ಊಟದ ವಿಷಯದಲ್ಲಿ ನಿನಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೂ ಎಣ್ಣೆ ಡಬ್ಬಿಯ ಮೇಲಿನ "ಕೊಲೆಸ್ಟರಾಲ್ ಇಲ್ಲ" ಎಂಬ ಬರಹವನ್ನು ನಂಬಿ ಕೂರಬೇಡ. ಯಾವ ಸಸ್ಯದ ಎಣ್ಣೆಯಲ್ಲೂ ಅದು ಹೆಸರಿಗೆ ಮಾತ್ರ; ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು, ಅದು ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚಿದೆ. ನಾನು ಒಗ್ಗರಣೆಗೆ ಶೇಂಗಾ ಎಣ್ಣೆ ಹಿಡಿದಿದ್ದೇನೆ, ತಂಬುಳಿಗೆ ರುಬ್ಬುವ ಹಿಡಿ ಕಾಯಿಯನ್ನು ಮಾತ್ರ ಬಿಟ್ಟಿಲ್ಲ.

ಅಪ್ಪ ಹೃದಯಾಘಾತವಾಗಿ ತೋಟದಲ್ಲಿ ಕುಸಿದಾಗ ಅವನಿಗೆ 52. ನಮ್ಮಿಬ್ಬರಿಗೂ ಆಗಿದೆ. ಆದ್ದರಿಂದ ನಮ್ಮ ಮಕ್ಕಳ ರಕ್ತವನ್ನೂ ಈಗಲೇ ಪರೀಕ್ಷಿಸಬೇಕು. ನನ್ನ ಮಗಳದು ಮುಂದಿನ ವಾರವಿದೆ, ನಿನ್ನ ಮಗನನ್ನು ನೀನು ಕಳಿಸು. ನೀನು ನಾಳೆಯೇ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿ, ನಿಲ್ಲಿಸಿದ್ದನ್ನೂ ಕಾಲು ನೋವನ್ನೂ ಮುಚ್ಚಿಡದೆ ಹೇಳಿ, ಅವರು ಹೇಳಿದಂತೆ ಮತ್ತೆ ಶುರುಮಾಡು. ಆರೆಂಟು ವಾರಗಳ ಬಳಿಕ ಮಾಡಿಸುವ ಪರೀಕ್ಷೆಯ ಚೀಟಿಯ ಫೋಟೋ ನನಗೆ ಬರಲಿ.

ತೊಡದೇವಿಗೆ ತುಪ್ಪ ಕಡಿಮೆ ಹಾಕಿ ಎಂದು ಅತ್ತಿಗೆಗೆ ಹೇಳುವ ಧೈರ್ಯ ನನಗಿಲ್ಲ. ಆ ಮಾತನ್ನು ನೀನೇ ಹೇಳಬೇಕು.

ಇಂತಿ ನಿನ್ನ ತಮ್ಮ